ರೈಲು ಮಾರ್ಗ ಕಟ್ಟುವ ಎಂಜಿನಿಯರ್ ಆಗಬೇಕಾ? ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳಿಗೆ ಒಂದು ದಾರಿ

ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಬರುವಾಗ ಮರಗುತ್ತಿ ಹತ್ತಿರ ಬೋಗಿಯೊಳಗೆ ಒಮ್ಮೆಲೇ ಕತ್ತಲಾಗುತ್ತದೆ. ಮಕ್ಕಳು ಕೂಗುತ್ತಾರೆ, ಯಾರೋ ಮೊಬೈಲ್ ಬೆಳಕು ಹಾಕುತ್ತಾರೆ, ಅಷ್ಟರಲ್ಲಿ ಕಿಟಕಿಯಾಚೆ ಮತ್ತೆ ತೊಗರಿ ಹೊಲ. ಒಂದೂವರೆ ಕಿಲೋಮೀಟರಿಗಿಂತ ಉದ್ದದ ಆ ಸುರಂಗ ದಾಟಲು ಒಂದೆರಡು ನಿಮಿಷ ಸಾಕು. ಆದರೆ ಸುಮಾರು 110 ಕಿ.ಮೀ.ನ ಆ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಪೂರ್ತಿ ಮಾರ್ಗದ ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್ 29ರಂದು. ನಡುವೆ ಹೋದ ಇಪ್ಪತ್ತು ವರ್ಷ ಇದೆಯಲ್ಲ, ರೈಲ್ವೆ ನಿರ್ಮಾಣ ಎಂಜಿನಿಯರ್‌ನ ಬದುಕು ಪೂರ್ತಿ ಅದರೊಳಗೇ ಇರುತ್ತದೆ.

ನಾನು ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದವನು. ಊರಿಗೆ ಹೋದಾಗಲೆಲ್ಲ ಯಾರಾದರೂ ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದು, "ಸರ್, ಇವರಿಗೂ ನಿಮ್ಮ ಲೈನಿಗೆ ಹಚ್ರಿ" ಅನ್ನುತ್ತಾರೆ. ಹಚ್ಚೋದು ನನ್ನ ಕೈಯಲ್ಲಿಲ್ಲ. ದಾರಿ ಹೇಳೋದು ನನ್ನ ಕೈಯಲ್ಲಿದೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಿ

ರೈಲ್ವೆಯ ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಎರಡು ಮನೆಗಳಿವೆ. ಒಂದು ಓಪನ್ ಲೈನ್. ರೈಲು ಓಡುತ್ತಿರುವ ಮಾರ್ಗವನ್ನು ದಿನವೂ ಸುಸ್ಥಿತಿಯಲ್ಲಿ ಇಡುವ ಕೆಲಸ ಅವರದು. ಇನ್ನೊಂದು ಕನ್‌ಸ್ಟ್ರಕ್ಷನ್. ಹೊಸ ಮಾರ್ಗ, ಎರಡನೇ ಮೂರನೇ ಹಳಿ, ಸೇತುವೆ, ಸುರಂಗ, ನಿಲ್ದಾಣದ ಕಟ್ಟಡ ಇವರದು. ನೇಮಕಾತಿ ಆಗೋದು ಸಾಮಾನ್ಯವಾಗಿ ವಲಯಕ್ಕೆ. ಕನ್‌ಸ್ಟ್ರಕ್ಷನ್‌ಗೆ ಕಳಿಸೋದು ಆಮೇಲಿನ ಮಾತು. ಹಾಗಾಗಿ "ನಾನು ಹೊಸ ಲೈನ್ ಮಾತ್ರ ಕಟ್ಟುತ್ತೇನೆ" ಅಂತ ಹಟ ಹಿಡಿದು ಬರಬೇಡಿ. ಓಪನ್ ಲೈನ್‌ನಲ್ಲಿ ಎರಡು ವರ್ಷ ಹಳಿ ರಿಪೇರಿಯ ಗ್ಯಾಂಗ್ ಜೊತೆ ನಡೆದವರು ಹೊಸ ಲೈನನ್ನು ಚೆನ್ನಾಗಿ ಕಟ್ಟುತ್ತಾರೆ. ಮುಂದೆ ಎಲ್ಲಿ ತೊಂದರೆ ಬರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.

ಇನ್ನೊಂದು ಮಾತು. ಹಳಿ ಜೋಡಿಸೋದು ನಿರ್ಮಾಣದ ಕೊನೆಯ ಅಧ್ಯಾಯ. ಅದಕ್ಕೆ ಮುಂಚೆ ಸರ್ವೆ, ಜಮೀನು, ಮಣ್ಣಿನ ಏರಿ, ಸೇತುವೆ ಎಲ್ಲ ಆಗಬೇಕು. ವರ್ಷಗಟ್ಟಲೆ ಒಂದು ಹಳಿಯೂ ಕಣ್ಣಿಗೆ ಬೀಳದ ಸೈಟ್‌ಗಳಿವೆ. ಧೂಳು, ಮೇ ತಿಂಗಳ ಬಿಸಿಲು, ತಗಡಿನ ಶೆಡ್ಡಿನ ಆಫೀಸು. ಇದು ಒಗ್ಗುತ್ತದಾ ಅಂತ ಮೊದಲು ಕೇಳಿಕೊಳ್ಳಿ.

ಯಾವ ಬಾಗಿಲಿನಿಂದ ಒಳಗೆ ಬರಬಹುದು

ಎಸ್‌ಎಸ್‌ಎಲ್‌ಸಿ ಆದಮೇಲೆ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಮಾಡಿದರೆ ಸಾಕು, ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು. ಮನೆಯಲ್ಲಿ ಬೇಗ ದುಡಿಮೆ ಬೇಕು ಅನ್ನೋರಿಗೆ ಇದೇ ನೇರ ದಾರಿ. ಏಳನೇ ವೇತನ ಆಯೋಗದ ಪ್ರಕಾರ ಜೆ.ಇ. ಮೂಲ ವೇತನ 35,400 ರೂಪಾಯಿಯಿಂದ ಶುರು. ಭತ್ಯೆಗಳು ಬೇರೆ. ಮುಂದೆ ಓದಬೇಕು ಅನ್ನಿಸಿದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕಲಬುರಗಿಯ ಪಿಡಿಎ ಕಾಲೇಜು, ಬೀದರ್‌ನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ ಕಾಲೇಜು ಎಲ್ಲ ಹತ್ತಿರದಲ್ಲೇ ಇವೆ.

ಬಿಇ ಮಾಡಿದವರಿಗೆ ಇನ್ನೂ ಒಂದು ಬಾಗಿಲಿದೆ. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವೀಸಸ್ ಪರೀಕ್ಷೆ. ಗೆದ್ದರೆ ನೇರ ಅಧಿಕಾರಿ. ವಯಸ್ಸು 21ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಪೂರ್ವಭಾವಿ 500 ಅಂಕ, ಮುಖ್ಯ ಪರೀಕ್ಷೆ 600, ಸಂದರ್ಶನ 200. ಕೆಲವು ವರ್ಷ ರೈಲ್ವೆ ಈ ಪರೀಕ್ಷೆಯಿಂದ ಹೊರಗೆ ಉಳಿದಿತ್ತು. ಎಂಜಿನಿಯರ್‌ಗಳನ್ನು ಮತ್ತೆ ಇದರ ಮೂಲಕವೇ ತೆಗೆದುಕೊಳ್ಳಲು 2024ರಲ್ಲಿ ತೀರ್ಮಾನವಾಯಿತು. ಹಳೆಯ ವಿಡಿಯೋ ನೋಡಿ "ಆ ದಾರಿ ಮುಚ್ಚಿದೆ" ಅಂದುಕೊಂಡವರು ಇನ್ನೂ ಸಿಗುತ್ತಾರೆ. ಮುಚ್ಚಿಲ್ಲ.

ಆರ್‌ವಿಎನ್‌ಎಲ್, ಇರ್ಕಾನ್, ರೈಟ್ಸ್ ಮುಂತಾದ ಸಾರ್ವಜನಿಕ ಕಂಪನಿಗಳೂ ರೈಲು ಮಾರ್ಗ ಕಟ್ಟುತ್ತವೆ. ಅವರ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಕಾಗದ ಪತ್ರ: ನಮ್ಮ ಭಾಗದವರು ಎಡವುವ ಜಾಗ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಓದಿನಲ್ಲಿ ಜಾಣರಾದ ಎಷ್ಟೋ ಮಕ್ಕಳು ಇಲ್ಲಿ ಕೈ ಸುಟ್ಟುಕೊಂಡಿದ್ದನ್ನು ಕಂಡಿದ್ದೇನೆ.

ಕಲ್ಯಾಣ ಕರ್ನಾಟಕದವರಿಗೆ (ಹಿಂದಿನ ಹೈದರಾಬಾದ್ ಕರ್ನಾಟಕ, ಎಚ್‌ಕೆ) ಸಿಗುವ 371ಜೆ ಪ್ರಮಾಣಪತ್ರ ನಮಗೆ ದೊಡ್ಡ ಬಲ, ನಿಜ. ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ನಮಗೆ ಮೀಸಲು. ಡಿಪ್ಲೊಮಾ, ಬಿಇ ಸೀಟು ಹಿಡಿಯುವಾಗ ಅದನ್ನು ಖಂಡಿತ ಬಳಸಿ. ರಾಜ್ಯ ಸರ್ಕಾರದ ನೌಕರಿಯಲ್ಲೂ ಅದು ನಡೆಯುತ್ತದೆ. ಆದರೆ ರೈಲ್ವೆ ಕೇಂದ್ರ ಸರ್ಕಾರದ್ದು. ಅಲ್ಲಿನ ನೇಮಕಾತಿಗೆ 371ಜೆ ಲೆಕ್ಕಕ್ಕೆ ಬರುವುದಿಲ್ಲ. "ನನಗೆ ಎಚ್‌ಕೆ ಕೋಟಾ ಇದೆ, ಕಡಿಮೆ ಅಂಕ ಸಾಕು" ಅಂತ ಕೂತರೆ ಒಂದು ವರ್ಷ ಹೋಗಿಬಿಡುತ್ತದೆ.

ಜಾತಿ ಪ್ರಮಾಣಪತ್ರವೂ ಹಾಗೆಯೇ. ರಾಜ್ಯದ ಪ್ರವರ್ಗ 1, 2ಎ, 3ಬಿ ಎಂಬ ವಿಂಗಡಣೆ ರೈಲ್ವೆಯಲ್ಲಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ. ಇದ್ದರೆ ತಹಸೀಲ್ದಾರ್ ಕಚೇರಿಯಿಂದ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆಯ ಜೊತೆ ಮಾಡಿಸಿ. ಇಡಬ್ಲ್ಯೂಎಸ್‌ಗೂ ಕೇಂದ್ರದ ನಮೂನೆಯೇ ಬೇಕು. ಪ್ರಕಟಣೆಯಲ್ಲಿ ಹೇಳಿದ ದಿನಾಂಕದೊಳಗಿನದ್ದು ಇರಬೇಕು. ಅರ್ಜಿ ಕರೆದಮೇಲೆ ಓಡಾಡೋದು ಬೇಡ, ಈಗಲೇ ವಿಚಾರಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಡಿಪ್ಲೊಮಾ ಸರ್ಟಿಫಿಕೇಟು ಎಲ್ಲದರಲ್ಲೂ ಹೆಸರು ಒಂದೇ ತರ ಇದೆಯಾ ನೋಡಿಕೊಳ್ಳಿ. ನಮ್ಮಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಂದಿರುತ್ತದೆ.

ಜೆ.ಇ. ನೇಮಕಾತಿ ಮಾಡುವುದು ರೈಲ್ವೆ ನೇಮಕಾತಿ ಮಂಡಳಿಗಳು, ಅಂದರೆ ಆರ್‌ಆರ್‌ಬಿ. ಅದರ ಆಯ್ಕೆ ಇನ್ನೊಂದು ಗೊಂದಲ. ಒಂದು ಪ್ರಕಟಣೆಗೆ ಒಂದೇ ಆರ್‌ಆರ್‌ಬಿಗೆ ಅರ್ಜಿ ಹಾಕಬೇಕು. ಬೆಂಗಳೂರು ಹಾಕಿದರೆ ಊರ ಹತ್ತಿರ ಸಿಗುತ್ತದೆ ಅಂತ ತುಂಬಾ ಜನ ಭಾವಿಸುತ್ತಾರೆ. ನಮ್ಮ ಮೂರು ಜಿಲ್ಲೆಯ ಹಳಿಗಳ ಕತೆ ಬೇರೆ. ಕಲಬುರಗಿ ನಿಲ್ದಾಣ ಇರೋದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದ್ದು. ಯಾದಗಿರಿ ಬಹುಕಾಲ ಗುಂತಕಲ್ ವಿಭಾಗದ ಕೆಳಗಿತ್ತು. ಬೆಂಗಳೂರು ಆರ್‌ಆರ್‌ಬಿ ಮುಖ್ಯವಾಗಿ ಹುಬ್ಬಳ್ಳಿ ಕೇಂದ್ರದ ನೈರುತ್ಯ ರೈಲ್ವೆಗೆ ಜನ ತೆಗೆದುಕೊಳ್ಳುತ್ತದೆ. ಯಾವುದು ಹಾಕಿದರೂ ತಪ್ಪಲ್ಲ. ನಿಮ್ಮ ವರ್ಗದಲ್ಲಿ ಸಿವಿಲ್ ಹುದ್ದೆ ಎಷ್ಟಿವೆ, ಯಾವ ವಲಯಕ್ಕೆ ಎಂಬ ಪಟ್ಟಿ ಪ್ರಕಟಣೆಯ ಕೊನೆಯಲ್ಲಿ ಇರುತ್ತದೆ. ಅದನ್ನು ಓದಿ ಹಾಕಿ. ಗೆಳೆಯ ಹಾಕಿದ ಅಂತ ಹಾಕಬೇಡಿ.

ದುಡ್ಡು ಕೊಟ್ಟರೆ ಕೆಲಸ ಕೊಡಿಸುತ್ತೇವೆ ಅನ್ನುವವರು ಪ್ರತಿ ಪ್ರಕಟಣೆಗೂ ಹುಟ್ಟುತ್ತಾರೆ. ನನ್ನ ಸಂಬಂಧಿಕರೊಬ್ಬರು ಎರಡು ಎಕರೆ ಹೊಲ ಒತ್ತೆ ಇಟ್ಟು ಕೊಟ್ಟರು. ಕೈಗೆ ಬಂದಿದ್ದು ನಕಲಿ ನೇಮಕಾತಿ ಪತ್ರ. ಆ ಹೊಲ ಇನ್ನೂ ಬಿಡಿಸಿಕೊಂಡಿಲ್ಲ. ಒಂದು ರೂಪಾಯಿಯನ್ನೂ ಕೊಡಬೇಡಿ.

ಪರೀಕ್ಷೆ ಮತ್ತು ಕಣ್ಣು

ಜೆ.ಇ. ಪರೀಕ್ಷೆ ಎರಡು ಹಂತ. ಮೊದಲನೆಯದರಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ: ಗಣಿತ 30, ತರ್ಕ 25, ಸಾಮಾನ್ಯ ಜ್ಞಾನ 15, ವಿಜ್ಞಾನ 30. ಎರಡನೆಯದರಲ್ಲಿ 120 ನಿಮಿಷಕ್ಕೆ 150 ಪ್ರಶ್ನೆ. ಅದರಲ್ಲಿ 100 ಪ್ರಶ್ನೆ ನಿಮ್ಮ ಸಿವಿಲ್ ವಿಷಯದ್ದು. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ. ಪ್ರಶ್ನೆಗಳನ್ನು ಕನ್ನಡದಲ್ಲೂ ಆಯ್ಕೆ ಮಾಡಿಕೊಳ್ಳಬಹುದು. ಆದರೆ ಸಿವಿಲ್ ಪದಗಳನ್ನು ಇಂಗ್ಲಿಷಿನಲ್ಲೂ ರೂಢಿ ಮಾಡಿಕೊಳ್ಳಿ. ಡಿಪ್ಲೊಮಾದ ಹಳೆಯ ಪುಸ್ತಕಗಳನ್ನು ಮಾರಬೇಡಿ, ಈ 100 ಪ್ರಶ್ನೆಗೆ ಅವೇ ಆಧಾರ. ಸರ್ವೇಯಿಂಗ್, ಮಣ್ಣಿನ ಯಂತ್ರಶಾಸ್ತ್ರ, ಕಾಂಕ್ರೀಟು ಈ ಮೂರನ್ನು ಗಟ್ಟಿ ಮಾಡಿದವರಿಗೆ ಸೈಟ್‌ನಲ್ಲೂ ಭಯವಿಲ್ಲ.

ಓದಲು ಕೂರುವ ಮುಂಚೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ಪಿ.ವೇ ಅಂದರೆ ಹಳಿ ವಿಭಾಗದ ಜೆ.ಇ.ಗೆ ಎ–3 ಎಂಬ ವೈದ್ಯಕೀಯ ಮಟ್ಟ ಬೇಕು. ಕನ್ನಡಕ ಇದ್ದರೆ ನಡೆಯುತ್ತದೆ, ಆದರೆ ಪವರ್ 2ಕ್ಕಿಂತ ಜಾಸ್ತಿ ಇರಬಾರದು. ಬಣ್ಣ ಗುರುತಿಸುವ ಪರೀಕ್ಷೆ, ಮಬ್ಬು ಬೆಳಕಿನಲ್ಲಿ ಕಾಣುವ ಪರೀಕ್ಷೆಯೂ ಇರುತ್ತವೆ. ಕೆಂಪು ಹಸಿರು ಸರಿಯಾಗಿ ಕಾಣಲ್ಲ ಅಂತ ಎಲ್ಲ ಮುಗಿದಮೇಲೆ ಗೊತ್ತಾದರೆ ಎಷ್ಟು ಸಂಕಟ ಅಲ್ವಾ? ಡ್ರಾಯಿಂಗ್ ಮುಂತಾದ ಹುದ್ದೆಗಳಿಗೆ ಈ ನಿಯಮ ಇಷ್ಟು ಬಿಗಿ ಇಲ್ಲ. ಮೊದಲೇ ಗೊತ್ತಿದ್ದರೆ ಆಯ್ಕೆಯ ಕ್ರಮವನ್ನು ಅದಕ್ಕೆ ತಕ್ಕಂತೆ ಕೊಡಬಹುದು.

ಸೈಟ್‌ನ ಮೊದಲ ವರ್ಷ: ಮಣ್ಣು

ತರಬೇತಿಯಲ್ಲಿ ಲೆಕ್ಕ ಕಲಿಸುತ್ತಾರೆ. ನೆಲವನ್ನು ನೀವೇ ಕಲಿಯಬೇಕು. ನಮ್ಮ ಮೂರು ಜಿಲ್ಲೆಯಲ್ಲಿ ಮೂರು ನೆಲ ಇದೆ. ಕಲಬುರಗಿಯಲ್ಲಿ ಎರೆಭೂಮಿ, ಶಹಾಬಾದ್ ಕಡೆ ಪದರ ಪದರವಾದ ಫರ್ಶಿ ಕಲ್ಲು. ಬೀದರ್ ಪ್ರಸ್ಥಭೂಮಿಯ ಮೇಲೆ ಕೆಂಪು ಜಂಬಿಟ್ಟಿಗೆ. ಯಾದಗಿರಿಯಲ್ಲಿ ಕೋಟೆ ಗುಡ್ಡದಂಥ ಗ್ರಾನೈಟ್ ಬಂಡೆ. ಒಂದೇ ಜಿಲ್ಲೆಯಲ್ಲಿ ಹತ್ತು ಕಿ.ಮೀ. ನಡೆದರೂ ನೆಲ ಬದಲಾಗುತ್ತದೆ.

ಎರೆಮಣ್ಣು ಜೋಳಕ್ಕೆ, ತೊಗರಿಗೆ ಬಂಗಾರ. ರೈಲಿನ ಏರಿಗೆ ಅದೇ ಶತ್ರು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಏರಿ ಕಟ್ಟುವಾಗ ಒಳ್ಳೆಯ ಮೊರಂ, ಅಂದರೆ ಗರಸು ಮಣ್ಣು, ತಂದು ಪದರ ಪದರವಾಗಿ ಹಾಕಬೇಕು. ಸಡಿಲ ಮಣ್ಣಿನ ಒಂದು ಪದರ 300 ಮಿ.ಮೀ. ದಾಟಬಾರದು. ಪ್ರತಿ ಪದರಕ್ಕೂ ನೀರು ಹದ ಮಾಡಿ, ರೋಲರ್ ಹೊಡೆದು, ಸಾಂದ್ರತೆ ಪರೀಕ್ಷೆ ಮಾಡಿ, ಆಮೇಲೆ ಮುಂದಿನ ಪದರ. ಎಲ್ಲಕ್ಕಿಂತ ಮೇಲೆ, ಜಲ್ಲಿಯ ಕೆಳಗೆ, ಬ್ಲ್ಯಾಂಕೆಟ್ ಅನ್ನುವ ಆಯ್ದ ಮಣ್ಣಿನ ಪದರ. ಕೆಳಗಿನ ಕೆಸರು ಜಲ್ಲಿಯೊಳಗೆ ಏರದಂತೆ ಅದು ತಡೆಯುತ್ತದೆ.

ನನ್ನ ಮೊದಲ ವರ್ಷದ ತಪ್ಪು ಹೇಳುತ್ತೇನೆ. ಜೂನ್ ಹತ್ತಿರ ಬಂದಿತ್ತು. ಗುತ್ತಿಗೆದಾರರ ಕಡೆಯವರು ಅವಸರ ಮಾಡುತ್ತಿದ್ದರು. ಪದರ ದಪ್ಪವಾಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಪಕ್ಕದ ಹೊಲದ ಕರಿಮಣ್ಣೂ ಬೆರೆಯುತ್ತಿತ್ತು. ನಾನು ಎರಡು ಕಡೆ ಮಾತ್ರ ಸಾಂದ್ರತೆ ನೋಡುವ ಕೋರ್ ಕಟರ್ ಹಾಕಿ ಉಳಿದದ್ದಕ್ಕೂ ಸಹಿ ಮಾಡಿದೆ. ಜುಲೈ ಮಳೆಗೆ ಏರಿಯ ಉದ್ದಕ್ಕೂ ಬಿರುಕು ಬಂತು. ಒಂದು ಬದಿ ಕುಸಿಯಿತು. ನಮ್ಮ ಹಿರಿಯ ಸೆಕ್ಷನ್ ಎಂಜಿನಿಯರ್ ಬಂದು ನೋಡಿದರು. ಬೈಯಲಿಲ್ಲ. "ತಮ್ಮಾ, ಹಾಕಿದ್ದೆಲ್ಲ ತಗಸು. ಮತ್ತ ಕೆಳಗಿಂದ ಚಾಲೂ ಮಾಡು," ಅಂದರು. ಹದಿನೆಂಟು ದಿನ ನಾನೇ ನಿಂತು ತೆಗೆಸಿದೆ. ಆಮೇಲೆ ಎಷ್ಟೇ ಅವಸರ ಇದ್ದರೂ ಪರೀಕ್ಷೆ ಇಲ್ಲದೆ ಒಂದು ಪದರಕ್ಕೂ ಸಹಿ ಹಾಕಿಲ್ಲ.

ಜಂಬಿಟ್ಟಿಗೆಯನ್ನು ಕಡಿದು ದಾರಿ ಮಾಡುವಾಗ ನೀರನ್ನು ನೋಡಬೇಕು. ಬೀದರ್‌ಗೆ ಹೋದರೆ ನೌಬಾದ್ ಕಡೆಯ ಕರೇಜ್, ನಾವು ಸುರಂಗ ಬಾವಿ ಅನ್ನೋದು, ತಪ್ಪದೆ ನೋಡಿ. ನೆಲದೊಳಗೆ ನೀರು ಎಲ್ಲಿ ನಡೆಯುತ್ತದೆ ಅಂತ ಬಹಮನಿ ಕಾಲದಲ್ಲೇ ಬಲ್ಲವರಿದ್ದರು. ಆ ನೀರಿಗೆ ನೀವು ಚರಂಡಿ ಬಿಡದಿದ್ದರೆ ಅದು ನಿಮ್ಮ ಗೋಡೆಯನ್ನು ತಳ್ಳಿಕೊಂಡು ಬರುತ್ತದೆ.

ಜನ, ಹೊಲ, ಹಳೆಯ ನೆನಪು

ಸರ್ವೆಗೆ ಈಗ ಡ್ರೋನ್, ಡಿಜಿಪಿಎಸ್, ಟೋಟಲ್ ಸ್ಟೇಷನ್ ಎಲ್ಲ ಬಂದಿವೆ. ಕಲಿಯಿರಿ. ಜೊತೆಗೆ ನೆಲದ ಎತ್ತರ ಅಳೆಯುವ ಆಟೋ ಲೆವೆಲ್ ಕೈಯಲ್ಲಿ ಹಿಡಿದು ಲೆವೆಲ್ ಬುಕ್ ಬರೆಯುವುದನ್ನೂ ಬಿಡಬೇಡಿ.

ಆದರೆ ಸೇತುವೆಗೆ ಎಷ್ಟು ಜಾಗ ಬಿಡಬೇಕು ಅನ್ನೋದಕ್ಕೆ ಯಂತ್ರದ ಜೊತೆ ಊರಿನ ಹಿರಿಯರೂ ಬೇಕು. ಹಳ್ಳದ ಪಕ್ಕದ ಊರಿಗೆ ಹೋಗಿ, ಗುಡಿ ಕಟ್ಟೆಯ ಮೇಲೆ ಕೂತು ಕೇಳಿ: "ಮುತ್ಯಾ, ನೀರು ಎಲ್ಲಿತನಕ ಬಂದಿತ್ತರಿ?" ಅವರು ಎದ್ದು ಬಂದು ಗುಡಿಯ ಮೆಟ್ಟಿಲು ತೋರಿಸುತ್ತಾರೆ, ಬೇವಿನ ಮರದ ಗುರುತು ತೋರಿಸುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದನ್ನು ಕಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಆ ಗುರುತಿಗೆ ಲೆವೆಲ್ ತೆಗೆದುಕೊಳ್ಳಿ, ದಿನಾಂಕ ಹಾಕಿ ಬರೆದಿಡಿ. ಒಬ್ಬರನ್ನೇ ಕೇಳಿ ಸುಮ್ನೆ ಬರಬೇಡಿ, ಮೂರು ನಾಲ್ಕು ಜನರನ್ನು ಕೇಳಿ ತಾಳೆ ನೋಡಿ.

ಹೊಲ ಕಳೆದುಕೊಳ್ಳುವ ರೈತರ ಮುಂದೆ ನೀವೇ ಮೊದಲು ನಿಲ್ಲುತ್ತೀರಿ. ಪರಿಹಾರ ನಿಮ್ಮ ಕೈಯಲ್ಲಿ ಇರುವುದಿಲ್ಲ, ಅದು ಭೂಸ್ವಾಧೀನ ಅಧಿಕಾರಿಯ ಕೆಲಸ. ಇಲ್ಲದ ಭರವಸೆ ಕೊಡಬೇಡಿ. ಆದರೆ ಹೊಲ ಎರಡು ಹೋಳಾದರೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ಎಲ್ಲಿ ದಾಟಬೇಕು, ಬದುವಿನ ನೀರು ಎಲ್ಲಿ ಹೋಗಬೇಕು ಅಂತ ಅವರನ್ನೇ ಕೇಳಿ. ಅದನ್ನು ನಕ್ಷೆಯ ಮೇಲೆ ಗುರುತು ಮಾಡಿ ಮೇಲಧಿಕಾರಿಗೆ ಕಳಿಸಿ. ಸರಿಯಾದ ಜಾಗದಲ್ಲಿ ಒಂದು ಕೆಳಸೇತುವೆ ಬಂದರೆ ಆ ಊರು ನಿಮ್ಮನ್ನು ಬಹಳ ವರ್ಷ ನೆನೆಯುತ್ತದೆ.

ನಮ್ಮ ಭಾಗದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕನ್ನಡದ ಜೊತೆ ದಖನಿ, ಮರಾಠಿ, ತೆಲುಗು ಕಿವಿಗೆ ಬಿದ್ದೇ ಬೆಳೆದಿರುತ್ತೇವೆ. ಸೈಟ್‌ನಲ್ಲಿ ನಾಲ್ಕು ರಾಜ್ಯದ ಜನ ಇರುತ್ತಾರೆ. ಈ ಮಾತುಗಳು ಅಲ್ಲಿ ದಿನವೂ ಕೆಲಸಕ್ಕೆ ಬರುತ್ತವೆ.

ಎಂ.ಬಿ. ಮತ್ತು ಹಳಿ

ಮೆಜರ್‌ಮೆಂಟ್ ಬುಕ್, ನಾವು ಎಂ.ಬಿ. ಅನ್ನೋದು, ನಿಮ್ಮ ಹೆಸರಿನಲ್ಲಿ ಇರುತ್ತದೆ. ಗುತ್ತಿಗೆದಾರರಿಗೆ ದುಡ್ಡು ಹೋಗೋದು ಅದರ ಮೇಲೆ. ಅಳೆದ ದಿನವೇ, ಅಳೆದ ಜಾಗದಲ್ಲೇ ಬರೆಯಿರಿ. ತಪ್ಪಾದರೆ ಅಳಿಸಬೇಡಿ, ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಣ್ಣ ಸಹಿ ಹಾಕಿ. ಮುಚ್ಚಿಹೋಗುವ ಕೆಲಸವನ್ನು, ಅಂದರೆ ಅಡಿಪಾಯ, ಕಬ್ಬಿಣ ಕಟ್ಟಿದ್ದು, ಮುಚ್ಚುವ ಮುಂಚೆ ಅಳೆದು ಫೋಟೋ ತೆಗೆದಿಡಿ. ಹತ್ತು ವರ್ಷ ಆದಮೇಲೆ ವಿಚಾರಣೆ ಬಂದರೂ ನಿಮ್ಮ ಪರವಾಗಿ ಮಾತಾಡುವುದು ಆ ಪುಸ್ತಕ ಮಾತ್ರ.

ಹಳಿಯ ಹಂತಕ್ಕೆ ಬಂದಾಗ ಕೆಲವು ಅಂಕಿ ಬಾಯಿಪಾಠ ಇರಲಿ. ಬ್ರಾಡ್‌ಗೇಜ್ 1,676 ಮಿ.ಮೀ. ಮುಖ್ಯ ಮಾರ್ಗಕ್ಕೆ ಮೀಟರಿಗೆ 60 ಕೆ.ಜಿ. ತೂಕದ ಹಳಿ. ಕಿ.ಮೀ.ಗೆ 1,660 ಕಾಂಕ್ರೀಟ್ ಸ್ಲೀಪರ್, ಅಂದರೆ ಹಳಿಯ ಕೆಳಗಿನ ಅಡ್ಡತೊಲೆ. ಜಲ್ಲಿ 20ರಿಂದ 65 ಮಿ.ಮೀ. ಗಾತ್ರದ್ದು, ಮಣ್ಣು ಬೆರೆಯದ್ದು.

ಬಿಸಿಲಿನ ಲೆಕ್ಕ ನಮ್ಮ ಕಡೆ ಬಹಳ ಮುಖ್ಯ. ಒಂದು ಡಿಗ್ರಿ ಶಾಖಕ್ಕೆ ಒಂದು ಮೀಟರ್ ಹಳಿ ಹಿಗ್ಗುವುದು 0.0000115 ಮೀಟರ್. ನೋಡಲು ಏನೂ ಅಲ್ಲ. ಆದರೆ 1 ಕಿ.ಮೀ. ಹಳಿಗೆ 40 ಡಿಗ್ರಿ ಏರಿದರೆ 46 ಸೆಂ.ಮೀ. ಹಿಗ್ಗಬೇಕು. ಬೆಸುಗೆ ಹಾಕಿದ ಉದ್ದ ಹಳಿಗೆ ಹಿಗ್ಗಲು ಜಾಗವಿಲ್ಲ, ಆ ಒತ್ತಡ ಒಳಗೇ ಉಳಿಯುತ್ತದೆ. ಅದನ್ನು ಹಿಡಿದಿಡುವುದು ಜಲ್ಲಿ ಮತ್ತು ಸ್ಲೀಪರ್. ಭುಜದ ಜಲ್ಲಿ, ಅಂದರೆ ಸ್ಲೀಪರ್ ತುದಿಯಾಚೆ ಹಾಕುವ ಜಲ್ಲಿ, ಕಡಿಮೆ ಬಿದ್ದರೆ ಮೇ ತಿಂಗಳ ಮಧ್ಯಾಹ್ನ ಹಳಿ ಹಾವಿನಂತೆ ಸೊಟ್ಟಗಾಗಬಹುದು. ಅದಕ್ಕೇ ಹಳಿಯ ಮೇಲೆ ಥರ್ಮಾಮೀಟರ್ ಇಟ್ಟು, ಸರಿಯಾದ ಶಾಖದಲ್ಲಿ ಒತ್ತಡ ಬಿಡಿಸಿ ಬಿಗಿಯುತ್ತೇವೆ. ಈ ಕೆಲಸ ಕಲಿಯಲು ರೈಲ್ವೆ ಸಿವಿಲ್ ಎಂಜಿನಿಯರ್‌ಗಳಿಗೆ ತರಬೇತಿ ಕೊಡುವ ಪುಣೆಯ ಇರಿಸೆನ್ ಸಂಸ್ಥೆ ತನ್ನ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಹಾಕಿರುವ ಪುಸ್ತಕಗಳಿವೆ. ವಿದ್ಯಾರ್ಥಿಗಳೂ ಓದಬಹುದು.

ಎಲ್ಲ ಮುಗಿದಮೇಲೆ ರೈಲ್ವೆ ಸುರಕ್ಷತಾ ಆಯುಕ್ತರು ಬರುತ್ತಾರೆ. ಅವರು ರೈಲ್ವೆ ಸಚಿವಾಲಯದವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿನವರು. ಮಾರ್ಗ ಕಟ್ಟಿದವರೇ ಅದಕ್ಕೆ ಒಪ್ಪಿಗೆ ಕೊಡಬಾರದು ಅನ್ನೋದು ಇದರ ಹಿಂದಿನ ಯೋಚನೆ. ಟ್ರಾಲಿಯಲ್ಲಿ ಪ್ರತಿ ಸೇತುವೆ ನೋಡುತ್ತಾ ಬರುತ್ತಾರೆ, ಆಮೇಲೆ ವೇಗದ ಪರೀಕ್ಷೆ. ಅವರ ಒಪ್ಪಿಗೆ ಇಲ್ಲದೆ ಒಬ್ಬ ಪ್ರಯಾಣಿಕರೂ ಹತ್ತುವಂತಿಲ್ಲ.

ಸರ್ಕಾರಿ ಕೆಲಸ ಸಿಗುವವರೆಗೆ

ಪರೀಕ್ಷೆ ಬರೆಯುತ್ತಾ ಮೂರು ವರ್ಷ ರೂಮಿನಲ್ಲೇ ಕೂರೋದು ನನಗೆ ಸರಿ ಕಾಣುವುದಿಲ್ಲ. ಕಾಲೇಜಿನಲ್ಲಿ ಇರುವಾಗಲೇ ಪ್ರಾಂಶುಪಾಲರ ಪತ್ರ ಹಿಡಿದು ರೈಲ್ವೆ ಕಚೇರಿಗಳಲ್ಲಿ ರಜೆಯ ತರಬೇತಿಗೆ ಕೇಳಿ. ಮುಗಿದಮೇಲೆ ಕೇಂದ್ರ ಸರ್ಕಾರದ ಅಪ್ರೆಂಟಿಸ್ ತಾಣವಾದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಒಂದು ವರ್ಷದ ಅಪ್ರೆಂಟಿಸ್ ನೋಡಿ. ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಕಾರ್ಖಾನೆಯ ಒಳಗೆ ಹೋಗುವ ರೈಲು ಸೈಡಿಂಗ್‌ಗಳನ್ನು ಕಟ್ಟುವುದೂ ರಿಪೇರಿ ಮಾಡುವುದೂ ಖಾಸಗಿ ಗುತ್ತಿಗೆದಾರರು. ಹೊಸಬರಿಗೆ ಅಲ್ಲಿ ಸಂಬಳ ಸಣ್ಣದು, ಆದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಟರ್ನೌಟ್ ಜೋಡಿಸುವುದನ್ನು ಹತ್ತಿರದಿಂದ ನೋಡಲು ಅಷ್ಟು ಒಳ್ಳೆಯ ಜಾಗ ಕಡಿಮೆ. ಸೇರುವ ಮುಂಚೆ ಪಿ.ಎಫ್. ಕಟ್ಟುತ್ತಾರಾ, ಅನುಭವ ಪತ್ರ ಕೊಡುತ್ತಾರಾ ಕೇಳಿ. ಹೆಲ್ಮೆಟ್, ಬೂಟು ಕೊಡದ ಕಡೆ ಸೇರಬೇಡಿ.

ಹೆಣ್ಣುಮಕ್ಕಳ ಬಗ್ಗೆ ಅಪ್ಪ ಅಮ್ಮ ಕೇಳುತ್ತಾರೆ. ನನ್ನ ಜೊತೆ ಸೇತುವೆ ಕೆಲಸ ಮಾಡಿದ ಹೆಣ್ಣುಮಗಳು ರಾತ್ರಿ ಬ್ಲಾಕ್‌ನಲ್ಲಿ, ಅಂದರೆ ಕೆಲಸಕ್ಕಾಗಿ ರೈಲು ನಿಲ್ಲಿಸಿದ ಹೊತ್ತಿನಲ್ಲಿ, ಗರ್ಡರ್ ಕೂರಿಸಿದ್ದಾರೆ. ಸೈಟ್‌ನಲ್ಲಿ ಶೌಚಾಲಯ, ಹೋಗಿಬರಲು ಗಾಡಿ ಇದೆಯಾ ಅಂತ ಮೊದಲ ದಿನವೇ ಕೇಳಿ. ಅದು ಅವರ ಹಕ್ಕು.

ಕೆಲಸ ಎಲ್ಲಿ ಬರುತ್ತಿದೆ ಅಂತ ನೋಡುವುದಾದರೆ, ಗದಗ–ವಾಡಿ ಹೊಸ ಮಾರ್ಗ 250 ಕಿ.ಮೀ.ಗೂ ಹೆಚ್ಚು. ಅದು ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಮೂಲಕ ಬರುತ್ತದೆ. ನೈರುತ್ಯ ರೈಲ್ವೆ ಅದನ್ನು ಕಟ್ಟುತ್ತಿದೆ. ಸಿಕಂದರಾಬಾದ್ ಕಡೆಯ ಸನತ್‌ನಗರದಿಂದ ವಾಡಿಗೆ 173 ಕಿ.ಮೀ. ಮೂರು ಮತ್ತು ನಾಲ್ಕನೇ ಹಳಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ವಾಡಿಯಿಂದ ಸಿಕಂದರಾಬಾದ್‌ಗೆ ಮೊದಲ ಹಳಿ ಬಿದ್ದಿದ್ದು ನಿಜಾಮರ ಕಾಲದಲ್ಲಿ, 1874ರಲ್ಲಿ. ಈ ಕೆಲಸಗಳ ಟೆಂಡರ್‌ಗಳು ರೈಲ್ವೆಯ ಐಆರ್‌ಇಪಿಎಸ್ ವೆಬ್‌ಸೈಟ್‌ನಲ್ಲಿ ಬರುತ್ತವೆ. ಯಾವ ಕಂಪನಿಗೆ ಕೆಲಸ ಸಿಕ್ಕಿತು ಅಂತ ತಿಳಿದುಕೊಂಡು, ಬಯೋಡೇಟಾ ಹಿಡಿದು ನೇರ ಅವರ ಸೈಟ್ ಆಫೀಸಿಗೆ ಹೋಗಿ. ಬೆಳಿಗ್ಗೆ ಎಂಟರೊಳಗೆ ಹೋಗಿ. ಆಮೇಲೆ ಎಲ್ಲರೂ ಲೈನ್ ಮೇಲೆ ಇರುತ್ತಾರೆ.